ದೇವರಾಜುವಿನ ಬಲಜೇಬು

ಶಿವನಂಜಪ್ಪ ಹೊಲಿದ ಪ್ಯಾಂಟು ಹಾಕಿಕೊಂಡರೆ ತಹಶೀಲ್ದಾರರ ಮುಂದೆ ನಿಂತಾಗ ಕಾಲು ನಡುಗುವುದಿಲ್ಲ ಎಂದು ಮೈಸೂರು-ಕೋಟೆ ರಸ್ತೆಯ ಹ್ಯಾಂಡ್‌ಪೋಸ್ಟಿನಲ್ಲಿ ಒಂದು ಮಾತಿತ್ತು. ಆ ಮಾತು ಹುಟ್ಟಿಸಿದವನು ಶಿವನಂಜಪ್ಪನೇ ಇರಬೇಕು, ಬೇರೆ ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ. ಆದರೂ ಮಾತಿನಲ್ಲಿ ಹುರುಳಿತ್ತು. ಸುತ್ತಲ ಹಳ್ಳಿಯವರು ಪ್ಯಾಂಟು ಹಾಕುತ್ತಿದ್ದುದೇ ಆಫೀಸು, ಬ್ಯಾಂಕು, ಕೋರ್ಟು ಅಂತ ಹೊರಟ ದಿನ. ಮನೆಗೆ ಬಂದು ಅದನ್ನು ಗೂಟಕ್ಕೆ ನೇತುಹಾಕಿ ಪಂಚೆ ಸುತ್ತಿಕೊಂಡರೆ ಆಯಿತು. ಬಸ್‌ಸ್ಟ್ಯಾಂಡಿನ ಎದುರಿನ ಎಂಟಡಿ ಅಂಗಡಿಯಲ್ಲಿ ಶಿವನಂಜಪ್ಪ ಇಪ್ಪತ್ತೆರಡು ವರ್ಷದಿಂದ ಅಂಥ ಪ್ಯಾಂಟುಗಳನ್ನು ಹೊಲಿದುಕೊಂಡು ಬಂದಿದ್ದ.

೧೯೯೮ರ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ದೇವರಾಜು ಅಂಗಡಿಗೆ ಬಂದ. ಹಂಪಾಪುರದ ಪಕ್ಕದ ಶಿವನಂಜಪ್ಪನ ಊರಿನವನೇ, ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಬಂದವನು ಸುತ್ತ ನೋಡಿ, ಬಾಗಿಲ ಪರದೆ ಎಳೆದು, ಟವೆಲ್ಲಿನಲ್ಲಿ ಸುತ್ತಿದ್ದ ಗಂಟನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಟ್ಟು ಬಿಚ್ಚಿದ. ಒಳಗೆ ರಿವಾಲ್ವರ್ ಇತ್ತು. ಶಿವನಂಜಪ್ಪನ ಬಾಯಲ್ಲಿದ್ದ ಎಲೆಅಡಿಕೆ ಹಾಗೇ ನಿಂತಿತು.

ಲೈಸೆನ್ಸು ಇದೆ ಎಂದು ದೇವರಾಜು ಮೊದಲೇ ಹೇಳಿದ. ಅದನ್ನು ಕೊಂಡ ಕಾರಣ ಊರಿಗೆಲ್ಲ ಗೊತ್ತಿತ್ತು. ಅಪ್ಪ ಸತ್ತ ಮೇಲೆ ನಾಲೆ ಬಯಲಿನ ಜಮೀನು ಪಾಲಾಗಿ, ನೀರಿನ ತೂಬು ಅಣ್ಣಯ್ಯ ಎಂಬ ಹೆಸರಿನ ಅವನ ಅಣ್ಣನ ಪಾಲಿಗೆ ಹೋಗಿತ್ತು. ನೀರು ಬಿಡು, ಬಿಡಲ್ಲ ಎಂದು ಶುರುವಾದದ್ದು ಒಂದು ಬೆಳಿಗ್ಗೆ ಮಚ್ಚಿನವರೆಗೆ ಹೋಯಿತು. ಮಚ್ಚು ಬೀಸಿದವನು ಅಣ್ಣಯ್ಯನ ಕೂಲಿಯಾಳು. ಅಣ್ಣಯ್ಯ ತಡೆಯಲಿಲ್ಲ, ಅಷ್ಟೇ. ದೇವರಾಜುವಿನ ಹೆಗಲಿಗೆ ಹದಿನಾಲ್ಕು ಹೊಲಿಗೆ ಬಿತ್ತು. ಅವತ್ತಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ, ಕತೆಯಿಲ್ಲ. ದೇವರಾಜುವಿಗೆ ಮಾತ್ರ ಜೋಳದ ಗರಿ ಅಲ್ಲಾಡಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕೆ ಔಷಧಿ ಅಂತ ರಿವಾಲ್ವರ್ ತಂದ.

ತಂದ ಮೇಲೆ ಅದೇ ಒಂದು ಕಾಟವಾಯಿತು. ಜೇಬಿನಲ್ಲಿಟ್ಟರೆ ಜೇಬು ಜೋತು ಬೀಳುತ್ತದೆ, ನಡೆದರೆ ತೊಡೆಗೆ ಬಡಿಯುತ್ತದೆ, ಹಿಡಿ ಇಣುಕುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಕೂಟರ್ ಹತ್ತಿದರೆ ಹೊಟ್ಟೆಗೆ ಒತ್ತುತ್ತದೆ. ಇದನ್ನೆಲ್ಲ ಹೇಳಿ ಮುಗಿಸಿ ದೇವರಾಜು ಕೇಳಿದ್ದು ಇಷ್ಟು:

“ಜೇಬಲ್ಲಿ ಐತೆ ಅನ್ನೋದು ನಂಗೇ ಮರ್ತೋಗ್ಬೇಕು ಕಣ್ಲಾ ನಂಜ. ಅಂಗೆ ಒಲ್ಕೊಡು. ಮೈಸೂರ್ನಲ್ಲಿ ಇಬ್ರು ಟೈಲರ್‌ಗಳು ಆಗಲ್ಲ ಅಂದ್ರು.”

ಮೈಸೂರಿನವರ ಕೈಲಿ ಆಗಲಿಲ್ಲ ಎಂಬ ಮಾತೇ ಶಿವನಂಜಪ್ಪನನ್ನು ಕೆಡಿಸಿತು. ಒಂದು ಕ್ಷಣದ ಹಿಂದೆ ಅವನಿಗೆ ಹೆದರಿಕೆಯಾಗಿದ್ದು ನಿಜ, ಈ ಉಸಾಬರಿ ಬೇಡ ಮಾರಾಯ ಎಂದು ಹೇಳಲು ಬಾಯಿ ತೆರೆದದ್ದೂ ನಿಜ. ಆದರೆ ಕೈ ಆಗಲೇ ಟೇಪು ಬಿಚ್ಚಿ ರಿವಾಲ್ವರಿನ ಉದ್ದ ಅಳೆಯುತ್ತಿತ್ತು. ಹೊಗಳಿಕೆ ಕೇಳಿದರೆ ಅವನ ಬುದ್ಧಿ ಯಾವಾಗಲೂ ಹಾಗೆ, ಮಂಕಾಗಿಬಿಡುತ್ತಿತ್ತು.

ಮೂರು ದಿನ ಅವನು ಬೇರೆ ಬಟ್ಟೆ ಮುಟ್ಟಲಿಲ್ಲ. ಬಲಗಡೆಯ ಜೇಬನ್ನು ಎರಡು ಪದರ ಡ್ರಿಲ್ ಬಟ್ಟೆಯಲ್ಲಿ ಮಾಡಿ, ಭಾರವೆಲ್ಲ ಸೊಂಟದ ಪಟ್ಟಿಗೆ ಹೋಗುವಂತೆ ಏರಿಸಿದ. ಆಕಾರ ಕಾಣದ ಹಾಗೆ ಮುಂದಕ್ಕೆ ಎರಡು ನೆರಿಗೆ ಕೊಟ್ಟ. ಎಲ್ಲ ಸರಿಹೋಯಿತು, ನಡೆದಾಗ ರಿವಾಲ್ವರ್ ಜೇಬಿನೊಳಗೆ ವಾಲುವುದು ಮಾತ್ರ ನಿಲ್ಲಲಿಲ್ಲ. ಅದನ್ನು ನೆಟ್ಟಗೆ ಹಿಡಿದು ನಿಲ್ಲಿಸಲು ಏನಾದರೂ ಬೇಕಿತ್ತು. ರಿವಾಲ್ವರಿನಲ್ಲಿ, ಗುಂಡು ಹಾರಿಸಲು ಒತ್ತುವ ಕುದುರೆಯ ಸುತ್ತ, ಬೆರಳು ತೂರುವ ಒಂದು ಬಳೆ ಇತ್ತು. ಟೈಲರಿನ ಕಣ್ಣಿಗೆ ತೂತು ಅಂದರೆ ಕಾಜ. ಅವನು ಕ್ಯಾನ್ವಾಸಿನ ಒಂದು ಗಟ್ಟಿ ಪಟ್ಟಿಯನ್ನು ಆ ಬಳೆಯೊಳಗೆ ತೂರಿಸಿ, ಸೊಂಟದ ಒಳಪಟ್ಟಿಗೆ ಗುಂಡಿ ಹಾಕಿ ನಿಲ್ಲಿಸಿದ. ರಿವಾಲ್ವರ್ ಕದಲಲಿಲ್ಲ.

ಟ್ರಯಲ್ಲಿಗೆ ಬಂದ ದೇವರಾಜು ಕನ್ನಡಿ ಮುಂದೆ ನಿಂತ, ಬಸ್‌ಸ್ಟ್ಯಾಂಡಿನ ತನಕ ಹೋಗಿಬಂದ, ಕುರ್ಚಿಯಲ್ಲಿ ಕೂತ, ಸ್ಕೂಟರ್ ಹತ್ತಿ ಇಳಿದ. ಅವನ ಮುಖ ಅರಳಿದ್ದನ್ನು ಶಿವನಂಜಪ್ಪ ಮೂರು ವರ್ಷದಲ್ಲಿ ನೋಡಿರಲಿಲ್ಲ. ಕೋವಿ ಹಿಡಿದು ಬೆಳೆದವನಾಗಿದ್ದರೆ ಆ ಪಟ್ಟಿ ನೋಡಿದ ಕೂಡಲೇ ಬೆಚ್ಚಿಬೀಳುತ್ತಿದ್ದ. ದೇವರಾಜು ಕೊಂಡ ಮೇಲೆ ಎರಡೇ ಸಲ ಹಾರಿಸಿದ್ದ, ಎರಡನೆಯ ಸಲ ಕಣ್ಣು ಮುಚ್ಚಿಕೊಂಡು. ಅವನು ಅಂಥದೇ ಇನ್ನೆರಡು ಪ್ಯಾಂಟು ಹೇಳಿ ಹೋದ.

ಆಮೇಲೆ ಅವನು ಪಂಚೆ ಉಡುವುದನ್ನೇ ಬಿಟ್ಟ. ಗದ್ದೆಗೂ ಪ್ಯಾಂಟು, ಹಾಲಿನ ಡೈರಿಗೂ ಪ್ಯಾಂಟು, ನೆಲ ಬಿಟ್ಟು ಊಟಕ್ಕೂ ಕುರ್ಚಿ. ಊರವರು ಸಾಹೇಬ್ರು ಬಂದ್ರು ಎಂದು ನಗಾಡಿದರೆ ಅವನೂ ನಕ್ಕ. ನಿದ್ದೆ ಬರತೊಡಗಿತು, ಮಾತು ಮೆತ್ತಗಾಯಿತು. ಶಿವನಂಜಪ್ಪ ಇದನ್ನೆಲ್ಲ ತನ್ನ ಕೈಗುಣ ಎಂದುಕೊಂಡು ಒಳಗೊಳಗೇ ಉಬ್ಬಿದ.

ಮರುವರ್ಷ ಅಣ್ಣಯ್ಯನ ಮಗಳು ಬೃಂದಾಳಿಗೆ ಪಿರಿಯಾಪಟ್ಟಣದ ಕಡೆ ಗಂಡು ಗೊತ್ತಾಯಿತು. ಚಿಕ್ಕಪ್ಪನಿಲ್ಲದೆ ಮಗಳನ್ನು ಧಾರೆ ಎರೆಯುವುದಕ್ಕೆ ಅಣ್ಣಯ್ಯನಿಗೆ ಮನಸ್ಸಾಗಲಿಲ್ಲ. ಮದುವೆಗೆ ಶರ್ಟು ಹೊಲಿಸುವ ನೆಪ ಮಾಡಿಕೊಂಡು ಅಂಗಡಿಗೆ ಬಂದ ಆ ದೊಡ್ಡ ಆಳು, ಕೈ ಎತ್ತಿ ಅಳತೆ ಕೊಡುತ್ತಾ ಕೊಡುತ್ತಾ ಅತ್ತುಬಿಟ್ಟ. ಮಚ್ಚು ಬಿದ್ದ ದಿನ ತಾನು ನೋಡುತ್ತಾ ನಿಂತಿದ್ದನ್ನು ನೆನೆದರೆ ಅನ್ನ ಇಳಿಯುವುದಿಲ್ಲ, ತೂಬಿನ ನೀರು ಅವನಿಗೇ ಮೊದಲು ಹೋಗಲಿ, ನೀನೊಂದು ಮಾತು ಹೇಳಿ ಅವನನ್ನು ಕರೆದುಕೊಂಡು ಬಾ ಎಂದು ಬೇಡಿಕೊಂಡ. ಶಿವನಂಜಪ್ಪ ನಾಲ್ಕು ಸಲ ದೇವರಾಜುವಿನ ಮನೆ ಬಾಗಿಲು ತುಳಿದ. ನಾಲ್ಕನೆಯ ಸಲ ದೇವರಾಜು ಬರುತ್ತೇನೆ ಎಂದ. ಬರುವಾಗ ಅದನ್ನು ಮನೆಯಲ್ಲಿಟ್ಟು ಬಾ ಎಂದು ಹೇಳಬೇಕೆಂದು ಶಿವನಂಜಪ್ಪನಿಗೆ ಅನ್ನಿಸಿತು. ಆಗಲೇ ಸಿಕ್ಕ ಒಪ್ಪಿಗೆ ಎಲ್ಲಿ ಕೆಟ್ಟೀತೋ ಎಂದು ಹೇಳಲಿಲ್ಲ.

ಆ ಊರಿನಲ್ಲಿ ಅಣ್ಣತಮ್ಮಂದಿರ ರಾಜಿಗೆ ಒಂದು ಕ್ರಮವಿತ್ತು. ಕುಲದವರು ಚಾವಡಿಯಲ್ಲಿ ಎರಡು ಸಾಲು ಎದುರುಬದುರು ಕೂರಬೇಕು. ಮುನಿಸಿಕೊಂಡ ಇಬ್ಬರೂ ಒಂದೇ ಚಾಪೆಯ ಮೇಲೆ, ಅಣ್ಣ ಬಲಕ್ಕೆ, ತಮ್ಮ ಎಡಕ್ಕೆ, ಚಕ್ಕಳಮಕ್ಕಳ ಹಾಕಿ ಮಂಡಿಗೆ ಮಂಡಿ ತಾಕಿಸಿ ಕೂರಬೇಕು. ಅಣ್ಣನ ಹೆಂಡತಿ ಅವರ ಎಲೆಗೆ ಮುದ್ದೆ ಬಡಿಸಬೇಕು. ಅಣ್ಣ ಮೊದಲ ತುತ್ತು ಮುರಿದು ತಮ್ಮನ ಕೈಗೆ ಕೊಟ್ಟು, ತಮ್ಮ ಅದನ್ನು ನುಂಗಿದ ಮೇಲೆಯೇ ಮಿಕ್ಕವರ ಎಲೆಗೆ ಬಡಿಸುವುದು.

ರಾಜಿಗೆ ಗೊತ್ತುಮಾಡಿದ ಭಾನುವಾರ ಮಧ್ಯಾಹ್ನ ಎಲ್ಲರೂ ಪಂಚೆ ಉಟ್ಟು ಕೂತಿದ್ದಾಗ ದೇವರಾಜು ಪ್ಯಾಂಟಿನಲ್ಲಿ ಬಂದ. ಯಜಮಾನ ಚಿಕ್ಕಮಾದಯ್ಯ ಅದನ್ನು ಕಂಡು, ನಮ್ಮನೆಯಿಂದ ಒಂದು ಒಗೆದ ಪಂಚೆ ತರಿಸುತ್ತೇನೆ, ಬದಲಾಯಿಸಿಕೋ, ನೆಲದ ಮೇಲೆ ಕೂರಲು ಹಿಂಸೆಯಾಗುತ್ತೆ ಎಂದ. ದೇವರಾಜು ಬೇಡ ಎಂದ. ಇನ್ನೊಂದು ಸಲ ಹೇಳಿದಾಗಲೂ ಬೇಡ ಎಂದ, ಸ್ವಲ್ಪ ಜೋರಾಗಿ. ಎದುರು ಸಾಲಿನಲ್ಲಿದ್ದ ಶಿವನಂಜಪ್ಪನ ಕಣ್ಣು ತಾನಾಗಿ ಬಲಜೇಬಿನ ಮೇಲೆ ಹೋಯಿತು. ನೆರಿಗೆ ಬಿದ್ದಿರುವ ರೀತಿ ನೋಡಿದರೆ ಅವನಿಗೆ ಸಾಕು, ಒಳಗೆ ಭಾರ ಇತ್ತು.

ಅಣ್ಣಯ್ಯ ಆಗಲೇ ಚಾಪೆಯ ಮೇಲೆ ಕೂತು ಪಕ್ಕದ ಜಾಗವನ್ನು ಅಂಗೈಯಲ್ಲಿ ಒರೆಸುತ್ತಿದ್ದ. ದೇವರಾಜು ಎರಡೂ ಮಂಡಿ ಮಡಿಸಿ ಕೆಳಕ್ಕೆ ಇಳಿಯತೊಡಗಿದ. ತೊಡೆಯ ಮೇಲಿನ ಬಟ್ಟೆ ಬಿಗಿಯಿತು. ಎರಡು ನೆರಿಗೆಗಳೂ ಬಿಚ್ಚಿಕೊಂಡು, ಸೊಂಟದ ಪಟ್ಟಿ ಬಲಗಡೆ ಒಳಕ್ಕೆ ಜಗ್ಗಿತು. ಆಗ ಶಿವನಂಜಪ್ಪನಿಗೆ ಎಲ್ಲ ಒಟ್ಟಿಗೆ ಹೊಳೆಯಿತು. ಕುರ್ಚಿಯಲ್ಲಿ ಕೂರುವವನಿಗೆ ಅಳತೆ ಬಿಟ್ಟಿದ್ದೇನೆ, ನೆಲದಲ್ಲಿ ಕೂರುವವನಿಗೆ ಬಿಟ್ಟಿಲ್ಲ. ಕೆಳಗಿನಿಂದ ಜೇಬು ಎಳೆಯುತ್ತದೆ, ಮೇಲಿನಿಂದ ಪಟ್ಟಿ ಎಳೆಯುತ್ತದೆ. ನಡುವೆ ಇರುವುದು ಕುದುರೆ.

ಕೂರಬೇಡ ಅನ್ನಬೇಕಿತ್ತು. ಅಷ್ಟು ಅನ್ನಲು ಸಮಯವಿತ್ತು, ಅದನ್ನು ಅವನು ಆಮೇಲೆ ಎಷ್ಟು ಸಲ ಅಳೆದು ನೋಡಿದರೂ ಇತ್ತು. ಆದರೆ ಹಾಗಂದರೆ ಯಾಕೆ ಎಂದು ಕೇಳುತ್ತಾರೆ. ರಾಜಿಯೂಟಕ್ಕೆ ರಿವಾಲ್ವರ್ ಇಟ್ಟುಕೊಂಡು ಬಂದಿದ್ದಾನೆ ಎಂದು ಗೊತ್ತಾದರೆ ರಾಜಿ ಅಲ್ಲೇ ಮುರಿಯುತ್ತದೆ. ಅದಕ್ಕೆ ಜೇಬು ಹೊಲಿದವನು ನಾನು ಎಂದೂ ಗೊತ್ತಾಗುತ್ತದೆ. ಆಗಲಿಕ್ಕಿಲ್ಲ, ಏನೂ ಆಗಲಿಕ್ಕಿಲ್ಲ ಎಂದುಕೊಂಡು ಅವನು ಜೇಬಿನಿಂದ ಕಣ್ಣು ಎತ್ತಿದ. ಮುದ್ದೆಯ ತಟ್ಟೆ ಹಿಡಿದು ನಿಂತಿದ್ದ ಅಣ್ಣಯ್ಯನ ಹೆಂಡತಿ ಸಾಕಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

ದೇವರಾಜುವಿನ ಮಂಡಿ ಅಣ್ಣನ ಮಂಡಿಗೆ ತಾಕಿತು. ಚಾವಡಿಯೊಳಗೆ ಸದ್ದು ದೊಡ್ಡದಾಗಿ ಕೇಳಿತು. ಅಣ್ಣಯ್ಯ, ಏನಾಯ್ತು ಎನ್ನುವ ಹಾಗೆ ತಮ್ಮನ ಕಡೆ ತಿರುಗಿದ. ಎಡತೊಡೆಯ ಸಂದಿನಲ್ಲಿ ಅವನ ಬಿಳಿ ಪಂಚೆ ಕೆಂಪಾಗುತ್ತಾ ಬಂತು. ಜೀಪು ಸಿಕ್ಕಿ, ಅವನನ್ನು ಮಲಗಿಸಿಕೊಂಡು ಮೈಸೂರಿನ ದಾರಿ ಅರ್ಧ ಹೋಗುವಷ್ಟರಲ್ಲಿ ರಕ್ತವೆಲ್ಲ ಹರಿದುಹೋಗಿ ಅಣ್ಣಯ್ಯ ಸತ್ತ. ಬೃಂದಾಳ ಮದುವೆಗೆ ಹನ್ನೊಂದು ದಿನ ಇತ್ತು.

ಉಣ್ಣುವ ಎಲೆಯ ಮುಂದೆ ಕೂತು ಅಣ್ಣನನ್ನು ಹೊಡೆದ ಎಂದು ಸೀಮೆಯೆಲ್ಲ ಉಗಿಯಿತು. ಪೊಲೀಸರು ಪ್ಯಾಂಟನ್ನೂ ರಿವಾಲ್ವರನ್ನೂ ಕಟ್ಟಿ ಸೀಲು ಹಾಕಿ ತೆಗೆದುಕೊಂಡು ಹೋದರು. ಎಲ್ಲಿ ಹೊಲಿಸಿದ್ದು ಎಂದು ಕೇಳಿದ್ದಕ್ಕೆ ದೇವರಾಜು ಮೈಸೂರು ಎಂದಷ್ಟೇ ಹೇಳಿದ. ಶಿವನಂಜಪ್ಪ ಒಂದು ತಿಂಗಳು ಅಂಗಡಿ ತೆರೆಯಲಿಲ್ಲ. ಆಮೇಲೆ ತಡೆಯಲಾರದೆ ಜೈಲಿಗೆ ಹೋಗಿ ಜಾಲರಿಯ ಈಚೆ ನಿಂತ. ದೇವರಾಜು ಬತ್ತಿಹೋಗಿದ್ದ.

“ನಾನೇ ಒತ್ತಿರ್ಬೇಕು ಕಣ್ಲಾ,” ಎಂದ. “ಕೈ ಅಲ್ಲೇ ಇತ್ತಲ್ಲ. ನಾಕು ವರ್ಸ ಮನ್ಸಲ್ಲೇ ಒತ್ತಿದ್ದೀನಿ, ಅವತ್ತು ನಿಜ್ವಾಗ್ಲೂ ಒತ್ತಿರ್ಬೇಕು. ಜಡ್ಜ್ ಮುಂದೆ ಅಂಗೇ ಯೋಳ್ಬುಡ್ತೀನಿ.”

ಇದನ್ನು ಕೇಳಿಕೊಂಡು ಸುಮ್ಮನಿರುವಷ್ಟು ಕೆಟ್ಟವನಲ್ಲ ಶಿವನಂಜಪ್ಪ. ಅವತ್ತೇ ವಕೀಲರನ್ನು ಹುಡುಕಿಕೊಂಡು ಹೋಗಿ ಪಟ್ಟಿಯ ವಿಷಯ ಹೇಳಿದ. ನಿನಗೂ ಕಷ್ಟವಾಗಬಹುದು ಎಂದು ವಕೀಲರು ಎಚ್ಚರಿಸಿದರು. ಆಗಲಿ ಎಂದ.

ಮೈಸೂರಿನ ಕೋರ್ಟಿನಲ್ಲಿ ಅವನ ಸಾಕ್ಷಿಯ ದಿನ ಜನ ತುಂಬಿದ್ದರು. ಸೀಲು ಒಡೆದ ಪ್ಯಾಂಟಿನ ಕಲೆ ಕಂದಾಗಿ ಒಣಗಿತ್ತು. ಅದನ್ನೇ ಹೋಲುವ ಇನ್ನೊಂದು ಪ್ಯಾಂಟನ್ನು ಶಿವನಂಜಪ್ಪ ತನ್ನ ಅಳತೆಗೆ ಹೊಲಿದು ಹಾಕಿಕೊಂಡು ಬಂದಿದ್ದ. ಪೊಲೀಸಿನವನೊಬ್ಬ ಗುಂಡಿಲ್ಲದ ರಿವಾಲ್ವರನ್ನು ಜೇಬಿನೊಳಗಿಟ್ಟು ಪಟ್ಟಿ ತೂರಿಸಿ ಗುಂಡಿ ಹಾಕಿದ. ಶಿವನಂಜಪ್ಪ ಎರಡೂ ಕೈ ಮೇಲೆತ್ತಿ ಜಡ್ಜ್ ಮುಂದಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಜೇಬಿನೊಳಗೆ ಟಕ್ ಎಂದಿತು. ಕಟಕಟೆಯಲ್ಲಿದ್ದ ದೇವರಾಜು ಕಂಬಿ ಹಿಡಿದುಕೊಂಡು ಕುಸಿದು ಅಳತೊಡಗಿದ.

ಸರ್ಕಾರಿ ವಕೀಲರು ಎದ್ದು ಕೊನೆಯಲ್ಲೊಂದು ಪ್ರಶ್ನೆ ಕೇಳಿದರು. ಆರೋಪಿ ಕೂರುವಾಗ ನೀವು ಎದುರಿಗೇ ಇದ್ದಿರಿ, ಜೇಬು ಹೊಲಿದವರೂ ನೀವೇ, ನಿಮಗೆ ಏನು ಕಂಡಿತು? ಹಿಂದಿನ ಬೆಂಚಿನಲ್ಲಿ ಬರಿಹಣೆಯ ಸಾಕಮ್ಮ ಕೂತಿದ್ದಳು. ಅಷ್ಟೆಲ್ಲ ನಿಜ ಹೇಳಿ ಮುಗಿಸಿದವನಿಗೆ ಇದೊಂದನ್ನು ಹೇಳುವುದು ಕಷ್ಟವಾಗಬಾರದಿತ್ತು.

“ಏನೂ ಕಾಣ್ನಿಲ್ಲ ಸ್ವಾಮಿ,” ಎಂದ. “ನಾನು ತಲೆ ತಗ್ಗಿಸ್ಕಂಡು ಉಣ್ತಿದ್ದೆ.”

ಕೊಲೆಯಲ್ಲ, ಅಜಾಗರೂಕತೆಯಿಂದ ಆದ ಸಾವು ಎಂದು ತೀರ್ಪಾಗಿ ದೇವರಾಜುವಿಗೆ ಎರಡು ವರ್ಷ ಬಿತ್ತು. ತನ್ನ ತಪ್ಪನ್ನು ತಾನೇ ಬಂದು ಹೇಳಿದ ಮನುಷ್ಯ ಎಂದು ಶಿವನಂಜಪ್ಪನ ಹೆಸರು ದೊಡ್ಡದಾಯಿತು. ವಕೀಲರು ಅವನ ಬೆನ್ನು ತಟ್ಟಿದರು. ಚಿಕ್ಕಮಾದಯ್ಯ ಎಲ್ಲರ ಎದುರು ಅವನ ಎರಡೂ ಕೈ ಹಿಡಿದುಕೊಂಡು, ನಿನ್ನಂಥವನು ಇದ್ದದ್ದಕ್ಕೆ ಒಂದು ಜೀವ ಉಳಿಯಿತು ಎಂದ.

ತೀರ್ಪಿನ ದಿನ ಮೈಸೂರಿನಿಂದ ಕೋಟೆಗೆ ಹೋಗುವ ಸಂಜೆ ಬಸ್ಸಿನಲ್ಲಿ ಸಾಕಮ್ಮ ಮುಂದಿನ ಸೀಟಿನಲ್ಲಿದ್ದಳು, ಶಿವನಂಜಪ್ಪ ಅವಳಿಗಿಂತ ಎರಡು ಸೀಟು ಹಿಂದೆ. ದಾರಿಯುದ್ದಕ್ಕೂ ಅವಳು ತಿರುಗಲಿಲ್ಲ. ಹಂಪಾಪುರ ಬಂದಾಗ ಎದ್ದು, ಕಂಬಿ ಹಿಡಿದು, ಬಾಗಿಲಿಗೆ ಹೋಗದೆ ಅವನ ಹತ್ತಿರ ಬಂದು ನಿಂತಳು.

“ನಿನ್ ಎಲೆಗೆ ನಾನಿನ್ನೂ ಬಡ್ಸೇ ಇರ್ನಿಲ್ವಲ್ಲ ನಂಜಪ್ಪಣ್ಣ,” ಎಂದಳು.

ಕಂಡಕ್ಟರ್ ಬೇಗ ಇಳಿಯಿರಿ ಎಂದು ಸೀಟಿ ಊದಿದ. ಅವಳು ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು ಊರಿನ ದಾರಿ ಹಿಡಿದಳು. ಶಿವನಂಜಪ್ಪನೂ ಅಲ್ಲೇ ಇಳಿಯಬೇಕಿತ್ತು, ಅವನ ಊರೂ ಅದೇ ದಾರಿಯಲ್ಲಿತ್ತು. ಬಸ್ಸು ಹೊರಟರೂ ಅವನು ಏಳದೆ ಹ್ಯಾಂಡ್‌ಪೋಸ್ಟಿನ ತನಕ ಕೂತೇ ಹೋದ.