ಮನೆಗೆ ಬಂದವನು

ನಬ್ಹಾನ್ ಸತ್ತನೆಂಬ ಸುದ್ದಿಯನ್ನು ಊರಿಗೆ ಮುಟ್ಟಿಸಿದವನು ಅವನ ಚಿಕ್ಕಪ್ಪನ ಮಗ ಖಲ್ಫಾನ್. ಖಲ್ಫಾನ್ ಸುಳ್ಳುಗಾರನೇನೂ ಅಲ್ಲ, ಅವಸರಗೇಡಿ ಅಷ್ಟೆ. ಮಂಜಿನ ಕಾಲದಲ್ಲಿ ಎಲ್ಲರಂತೆ ಅವರಿಬ್ಬರೂ ರಜೆ ಹಾಕಿ, ಆಗಷ್ಟೇ ಹಸಿರಾಗುವ ದಕ್ಷಿಣದ ಊರು ಸಲಾಲಾಕ್ಕೆ ಹೋಗಿದ್ದರು. ಹಸಿರು ಕಂಡಲ್ಲೆಲ್ಲ ಚಾಪೆ ಹಾಸಿ, ಜಿಟಿಜಿಟಿ ಹನಿಯಲ್ಲಿ ದಿನವಿಡೀ ನೆನೆದು, ನಬ್ಹಾನನಿಗೆ ಜ್ವರ ಬಂದು ಎದೆ ಕಟ್ಟಿತು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವನಿಗೆ ಮುಸುಕೆಳೆದಿದ್ದನ್ನು ಖಲ್ಫಾನ್ ಬಾಗಿಲಿನಿಂದಲೇ ನೋಡಿ, ಒಳಗೆ ಕಾಲಿಡದೆ ಊರಿಗೆ ಫೋನು ಮಾಡಿಬಿಟ್ಟ. ತಪ್ಪು ಗೊತ್ತಾಗಿ ಮತ್ತೆ ಫೋನು ಮಾಡುವ ಹೊತ್ತಿಗೆ ಇಲ್ಲಿ ಊರ ಚಾವಡಿಯಲ್ಲಿ ಗಂಡಸರು ಸಾವಿನ ಕಾಫಿ ಕುಡಿಯುತ್ತ ಕೂತಾಗಿತ್ತು. ನಿಜ ತಿಳಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಮಾಡಿದ ಅನ್ನ ದಂಡವಾಗಬಾರದೆಂದು ಉಂಡೂ ಹೋದರು.

ನಗದೇ ಉಳಿದವಳು ನಬ್ಹಾನನ ತಾಯಿ ಜುವೈನಾ. ಅವಳು ಮಗನಿಗಾಗಿ ಅತ್ತು ಮುಗಿಸಿದ್ದಳು.

ಬೆಟ್ಟದ ಬುಡದ ಈ ಊರುಗಳ ಹಳಬರದು ಒಂದು ನಂಬಿಕೆ. ಮಾಟಗಾರ ತನಗೆ ಬೇಕಾದವನನ್ನು ಕದ್ದು ಬೆಟ್ಟಕ್ಕೆ ಒಯ್ದು ಮೇಕೆ ಕಾಯಲು ಹಚ್ಚುತ್ತಾನೆ, ಅವನದೇ ರೂಪದ ಇನ್ನೊಂದನ್ನು ಮನೆಯವರಿಗೆ ಬಿಡುತ್ತಾನೆ. ಹಾಗೆ ಹೋದವನು ಉಪ್ಪು ಮುಟ್ಟುವುದಿಲ್ಲ. ಮನೆಗೆ ಬಂದದ್ದು ಹಿಂದಿನಿಂದ ಕೂಗಿದರೆ ತಿರುಗಿ ನೋಡಬಾರದು.

ಮೈಯೆಲ್ಲ ಕರಗಿ, ದನಿ ಒಡೆದು ನಬ್ಹಾನ್ ಮನೆಗೆ ಬಂದಾಗ ಜುವೈನಾ ಎದ್ದು ನಿಂತು, "ಬನ್ನಿ, ಕೂತ್ಕೊಳ್ಳಿ" ಎಂದಳು. ತಾಯಿ ಹಾಸ್ಯ ಮಾಡುತ್ತಿದ್ದಾಳೆಂದು ಅವನು ನಕ್ಕ. ಅಂದಿನಿಂದ ಮೊದಲ ಲೋಟ ಕಾಫಿ ಅವನಿಗೇ, ಒಳ್ಳೆಯ ಮಾಂಸದ ತುಂಡೂ ಅವನಿಗೇ. ಬೈಗುಳ ಒಂದೂ ಇಲ್ಲ. ಹುಟ್ಟಿದಂದಿನಿಂದ ಬೈಸಿಕೊಂಡೇ ಬೆಳೆದ ಮಗನಿಗೆ ಈ ಮರ್ಯಾದೆ ಜ್ವರಕ್ಕಿಂತ ಕಷ್ಟವಾಯಿತು.

"ಅಮ್ಮ ನನ್ನ ಕೂಸೇ ಅಂತ ಕರೆದು ಎಷ್ಟು ಕಾಲ ಆಯ್ತು ನೋಡು," ಎಂದು ಅವನು ಹೆಂಡತಿ ರಯ್ಯಾಳ ಹತ್ತಿರ ಗೋಳಾಡಿದ.

"ಹೆದರಿದಾರೆ ಪಾಪ. ಮೊದಲಿನ ಹಾಗೆ ಓಡಾಡು, ಸರಿ ಹೋಗ್ತಾರೆ," ಎಂದಳು ರಯ್ಯಾ.

ಅದೇ ಅವನ ಹಟವಾಯಿತು. ಶುಕ್ರವಾರ ಬಂತೆಂದರೆ ಇಡೀ ಬಳಗವನ್ನು ವಿಹಾರಕ್ಕೆಂದು ಬೆಟ್ಟದ ಒಣ ಹಳ್ಳ ಹತ್ತಿಸುತ್ತಿದ್ದ ಆ ಹಳೆಯ ನಬ್ಹಾನ್ ಮರಳಿದರೆ ತಾಯಿಯೂ ಮರಳುತ್ತಾಳೆ. ಮೊದಲು ಖರ್ಜೂರದ ತೋಟದ ನೀರುಗಾಲುವೆಯ ಏರಿಯ ಮೇಲೆ ನಡೆದ. ಅಷ್ಟಕ್ಕೇ ಏದುಸಿರು. ಆಮೇಲೆ ಸ್ಮಶಾನದ ಗೋಡೆಯವರೆಗೆ, ಆಮೇಲೆ ಗುಡ್ಡದ ಬುಡಕ್ಕೆ. ಸೋಜಿಗವೆಂದರೆ, ಪ್ರತಿ ಸಲವೂ ಮಂಡಿನೋವಿನ ಜುವೈನಾ ತಾನೂ ಬರುತ್ತೇನೆಂದು ಹೊರಡುತ್ತಿದ್ದಳು. "ಇನ್ನೂ ಸ್ವಲ್ಪ ಮುಂದೆ ಹೋಗೋಣ್ವಾ?" ಎನ್ನುತ್ತಿದ್ದವಳೂ ಅವಳೇ. ಅವನಿಗೆ ಕಣ್ಣು ತುಂಬಿ ಬರುತ್ತಿತ್ತು.

ಚಳಿ ಇಳಿದ ಒಂದು ಶುಕ್ರವಾರ ಎಲ್ಲರೂ ಹಳ್ಳಕ್ಕೆ ಹೋದರು. ಖಲ್ಫಾನ್ ಕೆಂಡದ ಮೇಲೆ ಮಾಂಸ ಸುಡುತ್ತ, "ತಿನ್ನೋ, ಸತ್ತೋನು ಎದ್ದು ಬರೋ ಹಾಗಿದೆ," ಎಂದ.

"ನಿನ್ನ ಕೈಲಿ ಫೋನ್ ಇಲ್ದಿದ್ರೆ ಯಾರೂ ಸಾಯಲ್ಲ ಬಿಡು," ಎಂದ ನಬ್ಹಾನ್.

ರಯ್ಯಾ ಬಿದ್ದು ಬಿದ್ದು ನಕ್ಕಳು. ಜುವೈನಾ ಮೇಲಿನ ಬೆಟ್ಟವನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಬೆಟ್ಟದ ನೆತ್ತಿ ಕಪ್ಪಾಯಿತು. ಗಾಳಿಯಲ್ಲಿ ಒದ್ದೆ ಮಣ್ಣಿನ ವಾಸನೆ. ಇಲ್ಲಿ ಹನಿ ಬೀಳದಿದ್ದರೂ ಮೇಲಿನ ಮಳೆ ಹಳ್ಳಕ್ಕೆ ನುಗ್ಗುತ್ತದೆ. ಕಾರು ತರಲು ಖಲ್ಫಾನ್ ಕೆಳಗೆ ಓಡಿದ. ರಯ್ಯಾ ಚಾಪೆ ಸುತ್ತತೊಡಗಿದಳು. ನಬ್ಹಾನ್ ತಿರುಗಿ ನೋಡಿದರೆ ತಾಯಿ ಒಂದು ಗಂಟು ಹಿಡಿದು ಹಳ್ಳದ ಮೇಲಕ್ಕೆ ಹೋಗುತ್ತಿದ್ದಾಳೆ.

"ಅಮ್ಮಾ! ನೀರು ಬರುತ್ತೆ, ಬಾ!"

ಅವಳು ಶಾಲಿನ ಅಂಚಿನಿಂದ ಕಿವಿ ಮುಚ್ಚಿಕೊಂಡು ನಡಿಗೆಯ ಬಿರುಸು ಹೆಚ್ಚಿಸಿದಳು.

ಆಗ ಅವನಿಗೆ ಎಲ್ಲವೂ ಹೊಳೆಯಿತು. ಅಮ್ಮನ ಕಣ್ಣಿಗೆ ತಾನು ಮಾಟಗಾರ ಬಿಟ್ಟುಹೋದ ಆ ಇನ್ನೊಂದು. ಹಿಂದಿನಿಂದ ಎಷ್ಟು ಕೂಗಿದರೂ ಅವಳು ತಿರುಗುವುದಿಲ್ಲ, ಹಿಡಿದೆಳೆದರೆ ಚೀರಿ ಓಡುತ್ತಾಳೆ. ಚಿಕ್ಕಂದಿನಲ್ಲಿ ಹತ್ತುತ್ತಿದ್ದ ಮೇಕೆಯ ದಾರಿ ಹಳ್ಳದ ತಿರುವನ್ನು ತಪ್ಪಿಸಿ ಮುಂದಕ್ಕೆ ಇಳಿಯುತ್ತಿತ್ತು. ಹತ್ತಿದ. ಕಣ್ಣು ಕತ್ತಲೆಗಟ್ಟಿತು, ಬಾಯಲ್ಲಿ ರಕ್ತದ ರುಚಿ ಬಂತು. ಅವಳಿಗಿಂತ ಮುಂಚೆ ತಲುಪಿ, ಅವಳಿಗೆ ಕಾಣದಂತೆ ಬಂಡೆಯ ಹಿಂದೆ ಕುಸಿದು ಕೂತ.

"ಅಮ್ಮಾ, ಮುಂದೆ ಬರಬೇಡ," ಎಂದ, ಉಸಿರಿನಲ್ಲೇ.

ಹೆಜ್ಜೆ ನಿಂತಿತು.

"ಕೂಸೇ!" ಎಂದಳು ಜುವೈನಾ. "ಎಲ್ಲಿ ಸತ್ತಿದ್ಯೋ ಕತ್ತೆ! ತೋಟದ ಹತ್ರ ಬಂದೆ, ಗುಡ್ಡದ ಹತ್ರ ಬಂದೆ. ಪ್ರತಿ ಸಲಾನೂ ಮನೆಗೆ ಬಂದೋನ್ನ ಜೊತೇಲೇ ಕರ್ಕೊಂಡು ಬಂದೆ, ಇವನ್ನ ತಗೊಳ್ಳಿ, ನನ್ನ ಮಗನ್ನ ಕೊಡಿ ಅಂತ. ಯಾರೂ ಬರ್ಲಿಲ್ಲ."

ನಬ್ಹಾನ್ ಬಾಯಿಗೆ ಕೈ ಒತ್ತಿಕೊಂಡ.

"ಕಾಲಿಗೆ ಚಪ್ಪಲಿ ಕೊಟ್ಟಿದಾರೇನೋ?"

"ಕೊಟ್ಟಿದಾರೆ."

"ಉಪ್ಪು ಹಾಕ್ದೆ ಅನ್ನ ಮಾಡಿದೀನಿ. ಇಲ್ಲೇ ಇಟ್ಟಿದೀನಿ, ತಿನ್ನು." ಗಂಟನ್ನು ಕಲ್ಲಿನ ಮೇಲಿಟ್ಟ ಸದ್ದಾಯಿತು. "ಮನೇಲಿ ಇರೋನ್ನ ಏನ್ ಮಾಡ್ಲಿ? ಕೆಟ್ಟೋನಲ್ಲ. ತಿಂದ ತಟ್ಟೆ ತೊಳೆದಿಡ್ತಾನೆ. ನೀನು ಯಾವತ್ತಾದ್ರೂ ತೊಳ್ದಿದ್ಯಾ?"

ಅಳು ಉಕ್ಕಿ ಬಂತು. ಇಷ್ಟು ದಿನ ಅವನು ಹಂಬಲಿಸಿದ ದನಿ ಇದೇ, ಆದರೆ ಅದು ಬೇರೆ ಯಾರಿಗೋ ಸಲ್ಲುತ್ತಿತ್ತು.

"ಇಟ್ಕೋ ಅಮ್ಮಾ. ಮಗನ ಥರ ನೋಡ್ಕೋ. ಈಗ ಹೋಗು, ನೀರು ಬರುತ್ತೆ."

"ನೀನು ಹೇಳಿದ್ರೆ ಸರಿ," ಎಂದಳು ತಾಯಿ.

ಅವಳು ಇಳಿದು ಹೋಗುವ ಸದ್ದು ಕೇಳಿದ ಮೇಲೆ ಅವನು ಬಂದ ದಾರಿಯಲ್ಲೇ ಕೈಕಾಲೂರಿ ಇಳಿದ. ಅವನನ್ನು ರಯ್ಯಾ ಕಾರಿನೊಳಗೆ ತಳ್ಳಿದಳು. ಕಾರು ದಡ ಹತ್ತುತ್ತಿದ್ದಂತೆ ಕೆಂಪು ನೀರು ಮರ ಕಲ್ಲುಗಳನ್ನು ಉರುಳಿಸುತ್ತ ಬಂದು, ಅವರು ಕೂತಿದ್ದ ಜಾಗವನ್ನು ಬಳಿದುಕೊಂಡು ಹೋಯಿತು.

ಹಿಂದಿನ ಸೀಟಿನಲ್ಲಿ ಜುವೈನಾ ಅವನ ಮೈಗೆ ಒತ್ತಿ ಕೂತಳು. ತನ್ನ ಶಾಲನ್ನು ಅವನ ಹೆಗಲಿಗೆ ಹೊದಿಸಿ, ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಚಳಿ ಆಗುತ್ತೇನೋ, ಮಗನೇ?"

ನಬ್ಹಾನ್ ತಲೆಯಾಡಿಸಿದ. ಸುಳ್ಳೋ ನಿಜವೋ, ತಾಯಿ ಸಿಕ್ಕಿದ್ದಳು.

ಮುಂದೆ ಕೂತವರಿಗೆ ಕೇಳದಂತೆ ಅವಳು ಕಿವಿಯಲ್ಲಿ ಹೇಳಿದಳು: "ಅವನು ಸಿಕ್ಕಿದ್ದ. ನಿನ್ನ ಇಟ್ಕೋ ಅಂದ."

"ಹೂಂ ಅಮ್ಮಾ."

"ಖರ್ಜೂರ ಹಣ್ಣಾಗೋವರೆಗೆ ಇಟ್ಕೋ, ಆಮೇಲೆ ನಾನೇ ಬಂದು ಅವನ್ನ ಕರ್ಕೊಂಡು ಹೋಗ್ತೀನಿ ಅಂದ."

ನಬ್ಹಾನ್ ಅವಳ ಮುಖ ನೋಡಿದ. ಅಲ್ಲಿ ಬರೀ ಅಕ್ಕರೆ.

"ಯಾವಾಗ ಅಂದ ಅಮ್ಮಾ, ಹಾಗೆ?"

"ನಾನು ತಿರುವು ದಾಟಿದ ಮೇಲೆ. ಬೆಟ್ಟದಿಂದ ಎಷ್ಟು ಜೋರಾಗಿ ಕೂಗಿ ಹೇಳಿದ, ನಿನಗೆ ಕೇಳಿಸ್ಲೇ ಇಲ್ವಾ?" ಎಂದಳು ಜುವೈನಾ, ಅವನ ಬೆರಳುಗಳನ್ನು ಬೆಚ್ಚಗೆ ಉಜ್ಜುತ್ತ.

ಅವಳು ತಿರುವು ದಾಟಿದ ಹೊತ್ತಿನಲ್ಲಿ ಬಂಡೆಯ ಹಿಂದಿದ್ದ ನಬ್ಹಾನನಿಗೆ ಕೂಗುವಷ್ಟು ಉಸಿರೇ ಇರಲಿಲ್ಲ.