ಮಾವನ ಮುದ್ದೆ

ಚಾಮರಾಜನಗರದ ಆಸ್ಪತ್ರೆಯ ಐಸಿಯುನಲ್ಲಿ ಗುರುಮಲ್ಲಯ್ಯನವರ ಮುಖ ತುಂಬಿಕೊಂಡಿತ್ತು. ನ್ಯುಮೋನಿಯಾ ಎಂದು ಹಂಗಳದಿಂದ ಕರೆತಂದು, ಗಂಟಲಿಗೆ ಉಸಿರಿನ ಕೊಳವೆ ಹಾಕಿಸಿದ ಮೇಲೆ ಹೀಗಾಗಿತ್ತು. ಮಗ ಶಿವಮಲ್ಲುವಿಗೆ ಅದೇ ಸಮಾಧಾನ. 'ಅಪ್ಪ ಇಲ್ಲಿಗ್ ಬಂದ್ಮೇಲೆ ಮೈಕೈ ತುಂಬ್ಕಂಡವ್ರೆ ಕಣ್ಲಾ' ಎಂದು ಊರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದ್ದ. ಅವನ ಹೆಂಡತಿ ಸುಧಾಮಣಿ ಮಾತ್ರ ಅದಕ್ಕೆ ಹೂಂ ಅಂದಿರಲಿಲ್ಲ.

ಆಹಾರತಜ್ಞೆ ಶಶಿರೇಖಾ ಬಂದು ರೋಗಿಯ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದಳು. ಒತ್ತಿದ ಕಡೆ ಗುಳಿ ಹಾಗೇ ಉಳಿಯಿತು. ಇದು ನೀರು, ಮಾಂಸವಲ್ಲ. ಈಗ ತೂಕ ನೋಡಿದರೂ ಅದು ಸುಳ್ಳು ಹೇಳುತ್ತದೆ ಎಂದಳು. ಮಾಂಸ ಕರಗಿದೆಯೇ ಎಂದು ಕಣತಲೆ, ಕೊರಳೆಲುಬು, ರಟ್ಟೆ ಮುಟ್ಟಿ ನೋಡಿ, ಮನೆಯಲ್ಲಿ ಹೇಗೆ ಉಣ್ಣುತ್ತಿದ್ದರು ಎಂದು ಕೇಳಿದಳು.

'ಎಲ್ಡು ಮುದ್ದೆಗೆ ಕಮ್ಮಿ ಇಲ್ಲ ಮೇಡಂ. ನಮ್ಮನೇಲಿ ಉಣ್ಣಕ್ಕೇನು ಬರ?' ಎಂದ ಶಿವಮಲ್ಲು.

ಸುಧಾಮಣಿ ಸೆರಗಿನ ತುದಿ ನೋಡಿದಳು. ಆಯುಧಪೂಜೆ ಕಳೆದಾಗಿನಿಂದ ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ಮಗ ಹೊಲಕ್ಕೆ ಹೊರಡುವವರೆಗೆ ತಟ್ಟೆಯ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದರು. ಆಮೇಲೆ ಎರಡು ಗುಟುಕು ಸಾರು ಕುಡಿದು, ಕೊಟ್ಟಿಗೆಯ ಹಸುವಿನತ್ತ ಕೈ ತೋರಿ ತಟ್ಟೆಯನ್ನು ಅವಳ ಕಡೆ ಸರಿಸುತ್ತಿದ್ದರು. 'ಹಸಕ್ಕಾಕ್ಬುಡು ಕೂಸು. ಅವ್ನು ಕೇಳಿದ್ರೆ ಉಂಡ್ರು ಅನ್ನು. ಇಲ್ದಿದ್ರೆ ಆಸ್ಪತ್ರೆಗೆ ಎಳ್ಕಂಡೋಯ್ತನೆ.' ಅವಳು ದಿನವೂ ಹಾಗೇ ಅಂದಿದ್ದಳು. ಈಗ ಬಾಯಿ ಬಿಟ್ಟರೆ, ಮಾವನನ್ನು ಉಪವಾಸ ಕೆಡವಿದ ಸೊಸೆ ಎಂದು ಹಂಗಳದ ಕೇರಿಯಿಂದ ಗುಂಡ್ಲುಪೇಟೆಯ ತವರಿನವರೆಗೆ ಮಾತಾಗುತ್ತದೆ.

ಶಶಿರೇಖಾ ಮತ್ತೆ ಕೇಳಲಿಲ್ಲ. ಯಾಕೆ ಕೇಳಿದೆನೆಂದು ಮಾತ್ರ ಹೇಳಿದಳು. ಉಂಡ ಮೈಯಾದರೆ ಮೂಗಿನ ಕೊಳವೆಯಲ್ಲಿ ಕೊಡುವ ಆಹಾರವನ್ನು ಬೇಗ ಹೆಚ್ಚಿಸಬಹುದು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಸುರಿದರೆ ರಕ್ತದ ಲವಣಗಳು ಏರುಪೇರಾಗಿ ಗುಂಡಿಗೆಯೇ ನಿಲ್ಲಬಹುದು. ಯಂತ್ರವೊಂದು ಮಾವನ ಪರವಾಗಿ ಉಸಿರಾಡುತ್ತಿತ್ತು.

'ಉಣ್ತಿರ್ನಿಲ್ಲ ಮೇಡಂ,' ಎಂದಳು ಸುಧಾಮಣಿ. 'ಎಲ್ಡು ತಿಂಗ್ಳಾಯ್ತು. ನಾನೇ ಸುಳ್ಳೇಳ್ತಿದ್ದೆ.'

ಶಿವಮಲ್ಲು ಅವಳತ್ತ ತಿರುಗಲಿಲ್ಲ. ಶಶಿರೇಖಾ ವೈದ್ಯರ ಬಳಿ ಮಾತಾಡಿ ಬಂದಳು. ಪರೀಕ್ಷೆಗೆ ರಕ್ತ ತೆಗೆದರು, ವಿಟಮಿನ್ ಸೂಜಿ ಕೊಟ್ಟರು. ಆಮೇಲೆ ಆಹಾರ ಹನಿಹನಿಯಾಗಿ ಇಳಿಯತೊಡಗಿತು.

ಹೊರಗಿನ ಬೆಂಚಿನಲ್ಲಿ ಗಂಡ ಅವಳ ಪಕ್ಕ ಬಂದು ಕೂತ. ಅವಳು ಬೈಗುಳಕ್ಕೆ ಕಾದು ಕೂತಿದ್ದಳು.

'ಮುದ್ದೆಯ ಎಲ್ಲಿಗಾಕ್ತಿದ್ದೆ?'

'ಹಸಕ್ಕೆ.'

'ಅದ್ಕೇಯಾ ಅದು ನಿನ್ ಕಂಡ್ರೆ ಆಪಾಟಿ ಕೂಗ್ತಿದ್ದುದ್ದು.'

ಅವನು ಎದ್ದುಹೋಗಿ ಬಾಗಿಲ ಗಾಜಿಗೆ ಹಣೆ ಹಚ್ಚಿ ಒಳಗೆ ನೋಡಿದ. 'ಊಟವ ಮೆಲ್ಲಗೇ ಬುಡ್ತಾವ್ರೆ' ಎಂದು, ಅವಳಿಗೂ ಕಾಣಲೆಂದು ಒಂದಿಷ್ಟು ಪಕ್ಕಕ್ಕೆ ಸರಿದ.