ಒಂದೇ ಕಡ್ಡಿ

"ನಾಲ್ಕು ದೊಡ್ಡದೋ ಒಂದು ದೊಡ್ಡದೋ ಅನ್ನೋದನ್ನ ಎಂಟನೇ ಕ್ಲಾಸಿನವರೆಗೂ ಹೇಳಿಕೊಡಲ್ವಾ ತಮ್ಮಾ? ಇಲ್ಲ ಆ ಪಾಠದ ದಿನ ನೀನು ರಜಾ ಹಾಕಿದ್ಯಾ?"

ಎಂಜಿನಿಯರ್ ಸಾಹೇಬರು ಇದನ್ನು ಕೇಳಿದ್ದು ಬೆಳಗಿನ ಎಂಟು ಗಂಟೆಗೆ, ಕೆರೆದಂಡೆಯ ವ್ಯಾನುಗಳ ಶಿಬಿರದ ನಲ್ಲಿಯ ಹತ್ತಿರ, ಬಕೆಟ್ ಹಿಡಿದು ಸಾಲಿನಲ್ಲಿ ನಿಂತಿದ್ದ ಏಳು ಜನರ ಮುಂದೆ. ಏಳರಲ್ಲಿ ಆರು ಜನ ನಕ್ಕರು. ಏಳನೆಯವಳು ಸಾಹೇಬರ ಹೆಂಡತಿ. ಅವಳ ಬಾಯಲ್ಲಿ ಬ್ರಷ್ಷಿತ್ತು, ಇಲ್ಲದಿದ್ದರೆ ಅವಳೂ ನಗುತ್ತಿದ್ದಳೋ ಏನೋ.

ತಂತಿಯ ಕಿವಿ ಕಾದ ಹೆಂಚಿನಂತಾಯಿತು. ತಂತಿ ಎನ್ನುವುದು ಅವನ ಅಡ್ಡಹೆಸರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಆಮೇಲಿನ ಏಳು ವರ್ಷ ಹೆಗಲಿಗೆ ತಂತಿಯ ಸುರುಳಿ ಹಾಕಿಕೊಂಡು ಊರವರ ಮಾಳಿಗೆ ಹತ್ತಿ ಟಿವಿ ಡಿಶ್ಶು ಕೂರಿಸಿದವನಿಗೆ ಇನ್ನೇನು ಹೆಸರಿಟ್ಟಾರು? ಅವನು ಸಾಲಿನಲ್ಲಿ ಹೇಳಿದ್ದು ಇಷ್ಟೇ: "ಇವತ್ತು ನಮ್ಮ ಆಂಟೆನಾನ ಹತ್ತಿರದ ಟವರಿಂದ ತಿರುಗಿಸಿ ಕೆರೆಯಾಚೆ ಟವರ್ ಕಡೆ ಇಡ್ತೀನಿ." ಹತ್ತಿರದ ಟವರು ಫೋನಿನಲ್ಲಿ ಸಿಗ್ನಲ್ಲಿನ ನಾಲ್ಕು ಕಡ್ಡಿ ತೋರಿಸುತ್ತಿತ್ತು. ಕೆರೆಯಾಚೆಯದು ಒಂದೇ ಕಡ್ಡಿ. ಅಷ್ಟಕ್ಕೇ ಸಾಹೇಬರ ನಾಲಿಗೆ ತುರಿಸಿತು. ಅವರ ಬಿಳಿ ವ್ಯಾನಿನ ನೆತ್ತಿಯ ಮೇಲೆ ಮಗುವಿನ ತೊಟ್ಟಿಲಿನಷ್ಟು ದೊಡ್ಡ ಸಿಗ್ನಲ್ ಬೂಸ್ಟರು ಬೇರೆ ಇತ್ತು. ಅದನ್ನು ಅವರು ವಾರಕ್ಕೆರಡು ಸಲ ಒರೆಸುತ್ತಿದ್ದರು.

ತಂತಿ ತಿರುಗಿ ತಮ್ಮ ವ್ಯಾನಿಗೆ ಬಂದ. ಒಳಗೆ ದೊಡ್ಡಮ್ಮ ಮಡಚುವ ಮೇಜಿನ ಮುಂದೆ ಕೂತು, ತಾನೇ ಬರೆದ ಮುನ್ನೂರು ಪುಟದ ಪ್ರಬಂಧವನ್ನು ಇನ್ಯಾರೋ ಬರೆದದ್ದೆಂಬಂತೆ ಓದುತ್ತಿದ್ದಳು.

"ಯಾರಿಗೆ ಹೊಡೆದು ಬಂದೆಯೋ?"

"ಯಾರಿಗೂ ಇಲ್ಲ."

"ಮತ್ತೆ ಬಕೆಟ್ ಯಾಕೆ ಖಾಲಿ?"

ತಂತಿ ಬಕೆಟ್ ನೋಡಿದ. ನೀರು ಹಿಡಿಯುವುದೇ ಮರೆತುಹೋಗಿತ್ತು. ದೊಡ್ಡಮ್ಮ ಕನ್ನಡಕದ ಮೇಲಿಂದ ಒಮ್ಮೆ ನೋಡಿ ಪುಟ ತಿರುಗಿಸಿದಳು.

ತಾಯಿಯ ಅಕ್ಕನಾದರೂ ಅವನನ್ನು ಸಾಕಿದವಳು ಅವಳೇ. ಮೂವತ್ತು ವರ್ಷ ಕಾಲೇಜಿನೆದುರಿನ ಟೈಪಿಂಗ್ ಅಂಗಡಿಯಲ್ಲಿ ಊರವರ ಪಿಎಚ್‌.ಡಿ. ಪ್ರಬಂಧಗಳನ್ನೆಲ್ಲ ಕುಟ್ಟಿ, ಜೊತೆಗೆ ಅವರ ತಪ್ಪನ್ನೂ ತಿದ್ದಿ, ಒಂದು ದಿನ "ಸಾಕು, ನಂದೇ ಒಂದು ಬರೀತೀನಿ" ಎಂದು ಎದ್ದವಳು. ಅವಳ ವಿಷಯ ನೀರುಹಕ್ಕಿಗಳ ಗೂಡು: ಹುಲ್ಲು ಸಿಗದ ಕಡೆ ಹಕ್ಕಿಗಳು ದಾರ, ಪ್ಲಾಸ್ಟಿಕ್ಕು, ಹರಿದ ಬಲೆ ಸೇರಿಸಿ ಹೇಗೆ ಗೂಡು ಹೆಣೆಯುತ್ತವೆ ಎನ್ನುವುದು. ಅದಕ್ಕೆ ಕೆರೆಯಿಂದ ಕೆರೆಗೆ ತಿರುಗಬೇಕು. ಮಂಚ, ಒಲೆ, ಸಿಂಕು ಎಲ್ಲ ಒಳಗೇ ಇರುವ ಈ ಹಳೇ ವ್ಯಾನು ಕೊಂಡದ್ದೂ ಅದಕ್ಕೇ. ಮೂರು ವರ್ಷದಿಂದ ವ್ಯಾನು ಓಡಿಸುವುದು, ರಿಪೇರಿ ಮಾಡುವುದು, ಇಂಟರ್ನೆಟ್ ಹುಡುಕುವುದು ತಂತಿಯ ಕೆಲಸ.

ಆ ಮೂರನೇ ಕೆಲಸವೇ ಅವನ ಎದೆಯಲ್ಲಿ ಮುಳ್ಳಾಗಿತ್ತು. ದೊಡ್ಡಮ್ಮನ ಕೊನೆಯ ಮೌಖಿಕ ಪರೀಕ್ಷೆ ವಿಡಿಯೋದಲ್ಲಿ. ಎರಡು ಸಲ ಶುರುವಾಗಿ ಎರಡು ಸಲವೂ ನಡುವೆ ಕಡಿದುಹೋಗಿತ್ತು. ಮೊದಲನೇ ಸಲ ಪೆಟ್ರೋಲ್ ಬಂಕಿನ ಹಿಂದೆ, ಐದೇ ನಿಮಿಷಕ್ಕೆ. ಎರಡನೇ ಸಲದ್ದು ಇನ್ನೂ ಕೆಟ್ಟದ್ದು. ಪರದೆಯ ಮೇಲೆ ಪರೀಕ್ಷಕರ ಮುಖ ಹೆಪ್ಪುಗಟ್ಟಿ ನಿಂತಿದ್ದು ಗೊತ್ತಾಗದೆ ದೊಡ್ಡಮ್ಮ ಹನ್ನೊಂದು ನಿಮಿಷ ವಿವರಿಸಿದ್ದಳು. "ಎಷ್ಟು ಶ್ರದ್ಧೆಯಿಂದ ಕೇಳಿದ್ರು ನೋಡೋ, ಕಣ್ಣೇ ಮಿಟುಕಿಸಲಿಲ್ಲ" ಎಂದು ತಿರುಗಿದ್ದಳು. ಅವನು ನಿಜ ಹೇಳಿದ ಮೇಲೆ ಅಳಲಿಲ್ಲ. ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಇನ್ನೊಮ್ಮೆ ತೊಳೆದಳು.

ವಿಶ್ವವಿದ್ಯಾಲಯದ ಕಾಗದ ಬಂದಿತ್ತು: ಇದೇ ಕೊನೆಯ ಅವಕಾಶ, ಕಡಿದರೆ ಎಲ್ಲ ಮೊದಲಿನಿಂದ. ಅದೂ ಇವತ್ತೇ, ಹನ್ನೊಂದು ಗಂಟೆಗೆ. ಪೇಟೆಗೆ ಹೋಗೋಣವೆಂದರೆ ವ್ಯಾನಿನ ಕ್ಲಚ್ ಪ್ಲೇಟು ಸುಟ್ಟು ಕೂತಿತ್ತು, ಮೆಕ್ಯಾನಿಕ್ ಬರುವುದು ನಾಳೆ.

ಹಾಗಂತ ತಂತಿ ಕಣ್ಣುಮುಚ್ಚಿ ಕೂತಿರಲಿಲ್ಲ. ಮೂರು ದಿನದಿಂದ ಗಂಟೆಗೊಮ್ಮೆ ನೆಟ್ಟಿನ ವೇಗ ನೋಡಿ ಬಿಸ್ಕೆಟ್ ರಟ್ಟಿನ ಒಳಮೈ ಮೇಲೆ ಬರೆದಿದ್ದ. ಬೆಳಿಗ್ಗೆ ಆರಕ್ಕೆ ಹತ್ತಿರದ ಟವರು ಕುದುರೆ. ಹತ್ತಾಯಿತೋ, ಕೆರೆದಂಡೆಯ ಮೂವತ್ತು ವ್ಯಾನಿನವರೂ ಎದ್ದು ಫೋನು, ಟಿವಿ, ಆಟ ಎಲ್ಲ ಹಚ್ಚುತ್ತಾರೆ. ಕಡ್ಡಿ ನಾಲ್ಕಕ್ಕೆ ನಾಲ್ಕೂ ನಿಂತಿರುತ್ತದೆ, ಒಂದು ಫೋಟೋ ಕೂಡ ತೆರೆಯುವುದಿಲ್ಲ. ಕೆರೆಯಾಚೆಯ ಟವರು ಬೇರೆ ಕಂಪನಿಯದು, ಅದರ ಸಿಮ್ಮನ್ನೂ ತಂತಿ ತಂದಿಟ್ಟುಕೊಂಡಿದ್ದ. ದೂರ, ದುರ್ಬಲ, ಆದರೆ ಅದನ್ನು ಕೇಳುವವರೇ ಇಲ್ಲ. ಬಾಗಿಲು ದೊಡ್ಡದಿದ್ದರೇನು, ಒಳಗೆ ಕಾಲಿಡಲು ಜಾಗ ಬೇಡವೇ? ಇದನ್ನು ಸಾಲಿನಲ್ಲಿ ಬಿಡಿಸಿ ಹೇಳಬಹುದಿತ್ತು. ಕಿವಿ ಕಾದಾಗ ಅವನ ಬಾಯಿ ಬೀಗ ಹಾಕಿಕೊಳ್ಳುತ್ತಿತ್ತು, ಏನು ಮಾಡುವುದು.

ತೊಂದರೆ ಒಂದೇ: ದಂಡೆಯ ಮರಗಳು ಅಡ್ಡ. ಮರಗಳಿಗಿಂತ ಎತ್ತರವಿದ್ದದ್ದು ಈಜುವವರನ್ನು ಕಾಯಲು ಕಟ್ಟಿದ ಮರದ ಅಟ್ಟಣೆ. ಅದರ ಬುಡದಲ್ಲಿ 'ಹತ್ತಬಾರದು' ಎಂಬ ಬೋರ್ಡು, ಬೋರ್ಡಿನ ಪಕ್ಕದಲ್ಲೇ ಶಿಬಿರದ ಮೇಲ್ವಿಚಾರಕಿ, ಕೊರಳಲ್ಲಿ ಸೀಟಿ. ಎಲ್ಲರೂ ಅವಳನ್ನು ಸೀಟಿ ಅಮ್ಮ ಎನ್ನುತ್ತಿದ್ದರು.

"ಬೋರ್ಡು ಓದೋಕೆ ಬರಲ್ವಾ?"

"ಬರುತ್ತೆ. ಎಂಟನೇ ಕ್ಲಾಸಿನವರೆಗೆ."

ಸೀಟಿ ಅಮ್ಮ ನಗು ತಡೆದುಕೊಂಡಳು. ಅವಳೂ ನಲ್ಲಿಯ ಸಾಲಿನಲ್ಲಿದ್ದವಳೇ. "ಯಾತಕ್ಕೆ ಹತ್ತಬೇಕು?"

"ನಮ್ಮ ದೊಡ್ಡಮ್ಮನ ಪರೀಕ್ಷೆಗೆ."

"ಪರೀಕ್ಷೆ? ಅವರ ವಯಸ್ಸೆಷ್ಟು?"

"ಅರವತ್ತೆರಡು."

ಸೀಟಿ ಅಮ್ಮ ಬೋರ್ಡನ್ನು ಕಿತ್ತು ಹಿಂದುಮುಂದಾಗಿ ನಿಲ್ಲಿಸಿ, "ನನಗೇನೂ ಕಾಣಿಸ್ತಿಲ್ಲಪ್ಪ" ಎಂದಳು.

ಡಿಶ್ಶಿನ ಕೆಲಸ ಅವನಿಗೆ ಕಲಿಸಿದ್ದ ಒಂದು ಪಾಠವಿತ್ತು: ಆಂಟೆನಾದಿಂದ ಪೆಟ್ಟಿಗೆಯವರೆಗಿನ ತಂತಿ ಉದ್ದವಾದಷ್ಟೂ ಅದೇ ಸಿಗ್ನಲ್ ಕುಡಿದುಬಿಡುತ್ತದೆ. ಸಾಹೇಬರಂತೆ ರೂಟರನ್ನು ವ್ಯಾನಿನ ತಗಡಿನ ಬೀರುವಿನಲ್ಲಿ ಚೆಂದವಾಗಿ ಬಚ್ಚಿಟ್ಟರೆ ಮುಗಿಯಿತು. ಅವನು ರೂಟರನ್ನೇ ದೊಡ್ಡಮ್ಮನ ಪ್ಲಾಸ್ಟಿಕ್ಕಿನ ಹಿಟ್ಟಿನ ಡಬ್ಬಿಯಲ್ಲಿಟ್ಟು, ಸಣ್ಣ ಬ್ಯಾಟರಿಯೊಂದಿಗೆ ಅಟ್ಟಣೆಯ ಮೇಲೇರಿಸಿದ. ಮೀನಿನ ಮುಳ್ಳಿನಂಥ ಹಳೇ ಆಂಟೆನಾವನ್ನು ಒಂದು ಕಬ್ಬಿಣದ ಕೊಳವೆಗೆ ಸಿಕ್ಕಿಸಿ, ಕೊಳವೆಯನ್ನು ಅಟ್ಟಣೆಯ ಕಂಬಕ್ಕೆ ಬೋಲ್ಟು ಹಾಕಿ ಬಿಗಿದ. ಅಲ್ಲಿಂದ ಎಪ್ಪತ್ತು ಹೆಜ್ಜೆ ದೂರದ ವ್ಯಾನಿನವರೆಗೆ, ದೂರಕ್ಕೆ ಸೊರಗದ ನೆಟ್ಟಿನ ಕೇಬಲ್ ಎಳೆದ.

ಈಗ ತಿರುಗಿಸುವುದು. ಇದಕ್ಕೆ ಎರಡು ಜೀವ ಬೇಕು: ಮೇಲೆ ಕೊಳವೆ ಹಿಡಿದವನು, ಕೆಳಗೆ ಪರದೆ ನೋಡುವವಳು.

"ಬಂತಾ?"

ದೊಡ್ಡಮ್ಮ ಏನೋ ಕೂಗಿದಳು. ಗಾಳಿ ಅದನ್ನು ಕೆರೆಗೆ ಎಸೆಯಿತು. ಪಕ್ಕದ ವ್ಯಾನಿನ ಬೇಕರಿಯವನು, ಹೊಟ್ಟೆಯೂ ದನಿಯೂ ಸಮಾನ ಗಾತ್ರದವನು, ಟವೆಲ್ ಕೊಡವುತ್ತ ಹೊರಬಂದು ಕಿಟಕಿಯಲ್ಲಿ ಇಣುಕಿದ.

"ಬಂದಿಲ್ವಂತೋ!"

ಒಂದು ಬೆರಳು ಬಲಕ್ಕೆ. "ಈಗ?"

"ಬಂತು! ಬಂತು! ಅಯ್ಯೋ, ಹೋಯ್ತು!"

"ವೇಗ ಎಷ್ಟು ಬಂತು?"

"ಮೂರು! ಈಗ ಏಳು! ತಡಿ ತಡಿ, ಅಲುಗಬೇಡ, ಮೂಗು ಕೆರ್ಕೋಬೇಡ! ಹದಿನೆಂಟು!"

ಹತ್ತಿರದ ಟವರಿನ ವೇಗ ಆ ಹೊತ್ತಿಗೆ ಅರ್ಧ ಎಂಬಿಗೆ ಇಳಿದಿತ್ತು. ಹದಿನೆಂಟು ಎಂದರೆ ಮೌಖಿಕ ಪರೀಕ್ಷೆಯೇನು, ಮದುವೆಯನ್ನೇ ನಡೆಸಬಹುದು. ಜನ ಒಬ್ಬೊಬ್ಬರಾಗಿ ಬಂದು ನಿಂತರು. ಸಾಹೇಬರ ಹೆಂಡತಿಯೂ ನಡುದಾರಿಯಲ್ಲಿ ನಿಂತು "ಹದಿನೆಂಟಂತೆ!" ಎಂದು ಅಟ್ಟಣೆಗೆ ಕೂಗಿ ಹೇಳಿದಳು, ಕೇಳಿಸಿದ್ದನ್ನೇ ಇನ್ನೊಮ್ಮೆ. ಸಾಹೇಬರು ಬಂದು ದೊಡ್ಡಮ್ಮನ ಪರದೆ ನೋಡಿ, "ಒಂದೇ ಕಡ್ಡಿ. ಹತ್ತು ನಿಮಿಷ ತಡೆದರೆ ಹೆಚ್ಚು" ಎಂದು ತೀರ್ಪು ಕೊಟ್ಟು, ಹನ್ನೊಂದಕ್ಕೆ ತಮ್ಮದೂ ಆಫೀಸಿನ ಮೀಟಿಂಗ್ ಇದೆಯೆಂದು ಹೋದರು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕೊಳವೆ ಬಿಗಿದ ಬೋಲ್ಟಿನ ತಿರುಪು ಸವೆದುಹೋಯಿತು. ಬಿಗಿ ಮಾಡಿದಷ್ಟೂ ಸುತ್ತುತ್ತಿತ್ತು. ಕೆರೆಗಾಳಿ ಬೀಸಿದಾಗಲೆಲ್ಲ ಆಂಟೆನಾ ತಲೆಯಾಡಿಸುತ್ತಿತ್ತು. ಬೋಲ್ಟಿನ ಏಳು ತಲೆಮಾರಿಗೂ ಬೈದು, ತಂತಿ ಹಲಗೆಯ ಮೇಲೆ ಕಾಲು ಚಾಚಿ ಕೂತು, ಕೊಳವೆಯನ್ನು ಎರಡೂ ಕೈಯಿಂದ ಅಪ್ಪಿಕೊಂಡ. ಇನ್ನು ಅವನೇ ಬೋಲ್ಟು.

ಪರೀಕ್ಷೆ ಶುರುವಾಯಿತು. ಕೂಗಿದರೆ ಮೈಕಿಗೆ ಕೇಳಿಸುತ್ತದೆಂದು ಬೇಕರಿಯವನು ಕಿಟಕಿಯ ಹೊರಗೆ ನಿಂತು ಸನ್ನೆಯಲ್ಲಿ ವರದಿ ಒಪ್ಪಿಸುತ್ತಿದ್ದ. ಹೊಟ್ಟೆ ತಟ್ಟಿಕೊಂಡರೆ ಎಲ್ಲ ಸರಿ. ತಲೆಯ ಮೇಲೆ ಕೈ ಹೊತ್ತರೆ ಕಡಿಯಿತು. ಹದಿನೈದು ನಿಮಿಷ, ಹೊಟ್ಟೆ. ಅರ್ಧ ಗಂಟೆ, ಹೊಟ್ಟೆ. ನಡುವೆ ಒಮ್ಮೆ ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕುಲುಕಿದ, ಅಂದರೆ ಪರೀಕ್ಷಕರು ನಕ್ಕರು. ತಂತಿಯ ತೋಳು ಮರಗಟ್ಟಿತ್ತು. ಹೊತ್ತು ಹೋಗಲೆಂದು ಸಾಹೇಬರಿಗೆ ಹೇಳಬೇಕಾದ ಉತ್ತರಗಳನ್ನು ಒಂದೊಂದಾಗಿ ಕೆತ್ತಿದ. ಒಂದಕ್ಕಿಂತ ಒಂದು ಖಾರ. ಏಳನೆಯದಂತೂ ಅವನಿಗೇ ಕಣ್ಣಲ್ಲಿ ನೀರು ತರಿಸಿತು.

ಆಗ ಬೇಕರಿಯವನು ತಲೆಯ ಮೇಲೆ ಕೈ ಹೊತ್ತ.

ತಂತಿಯ ಜೀವ ಬಾಯಿಗೆ ಬಂತು. ಕೊಳವೆ ಕದಲಿಲ್ಲ, ಬ್ಯಾಟರಿಯ ದೀಪ ಉರಿಯುತ್ತಿದೆ, ಕೇಬಲ್ ಇದ್ದಲ್ಲೇ ಇದೆ. ಮೇಲೆ ನೋಡಿದ. ಆಂಟೆನಾದ ತುದಿಮುಳ್ಳಿನ ಮೇಲೆ ಒಂದು ನೀರುಕಾಗೆ, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತ ಕೂತಿತ್ತು. ಅದರ ಭಾರಕ್ಕೆ ಆಂಟೆನಾದ ಮೂತಿ ನೇರ ನೀರಿಗೆ ಬಾಗಿತ್ತು.

"ಏಳು ತಾಯಿ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ನಿಮ್ಮ ಮನೆ ವಿಷಯಾನೇ ಅಲ್ಲಿ ನಡೀತಿರೋದು. ನೀನೇ ಬಂದು ಕೆಡಿಸ್ತೀಯಾ?"

ನೀರುಕಾಗೆ ಕುತ್ತಿಗೆ ಓರೆ ಮಾಡಿ ನೋಡಿತು. ಎರಡೂ ಕೈ ಕೊಳವೆಯ ಮೇಲಿದ್ದುದರಿಂದ ತಂತಿ ಕಾಲಿನ ಚಪ್ಪಲಿಯನ್ನೇ ಝಾಡಿಸಿ ಒದ್ದ. ಚಪ್ಪಲಿ ಹಕ್ಕಿಗೆ ತಾಗದೆ ಅದರ ಪಕ್ಕದಿಂದ ಹಾರಿ ಕೆರೆಗೆ ಬಿತ್ತು. ಅದನ್ನು ಮೀನೆಂದುಕೊಂಡಿತೋ ಏನೋ, ನೀರುಕಾಗೆ ಹಿಂದೆಯೇ ಧುಮುಕಿತು. ಆಂಟೆನಾ ತೂಗಾಡಿ ತಲೆಯೆತ್ತಿತು. ಒಂದು ಬೆರಳು ಎಡಕ್ಕೆ, ಅರ್ಧ ಬೆರಳು ಬಲಕ್ಕೆ.

ಬೇಕರಿಯವನ ಕೈ ಇನ್ನೂ ತಲೆಯ ಮೇಲೇ ಇತ್ತು. ತಂತಿ ಎಣಿಸಿದ: ಒಂದು, ಎರಡು, ಮೂರು... ಎಣಿಕೆ ಹನ್ನೊಂದಕ್ಕೆ ಬಂದಾಗ ಆ ಕೈ ಕೆಳಗಿಳಿಯಿತು. ಡೋಲು ಬಾರಿಸುವಂತೆ ಹೊಟ್ಟೆ ಬಾರಿಸಿಕೊಂಡ. ಕಡಿದಿರಲಿಲ್ಲ, ಚಿತ್ರ ತಡವರಿಸಿ ಮತ್ತೆ ಓಡಿತ್ತು.

ಹನ್ನೆರಡೂ ಮುಕ್ಕಾಲಿಗೆ ದೊಡ್ಡಮ್ಮನ ವ್ಯಾನಿನ ಬಾಗಿಲು ಧಡಾರನೆ ತೆರೆಯಿತು. ಬರಿಗಾಲಲ್ಲಿ ಹೊರಬಂದವಳು ಎರಡೂ ಕೈ ಮೇಲೆತ್ತಿದಳು. ಬೇಕರಿಯವನು ಅವಳ ಪಾಲಿನದನ್ನೂ ಸೇರಿಸಿ ಕೂಗಿದ: "ಡಾಕ್ಟರ್! ಡಾಕ್ಟರ್ ಆದ್ರೋ! ಒಂದಕ್ಷರ ತಿದ್ದೋದಿಲ್ವಂತೆ!" ಸೀಟಿ ಅಮ್ಮ ಸೀಟಿ ಊದಿದಳು, ನಿಲ್ಲಿಸಲೇ ಇಲ್ಲ. ಈಜುತ್ತಿದ್ದವರೆಲ್ಲ ಏನೋ ಅನಾಹುತವೆಂದು ಬೆದರಿ ದಡಕ್ಕೆ ಓಡಿಬಂದು, ವಿಷಯ ತಿಳಿದು, ಒದ್ದೆ ಕೈಯಲ್ಲೇ ಚಪ್ಪಾಳೆ ಹೊಡೆದರು.

ತಂತಿ ಏಣಿಯಿಳಿದ. ತೋಳು ತನ್ನದೆನ್ನಿಸುತ್ತಿರಲಿಲ್ಲ. ಬುಡದಲ್ಲಿ ಎಂಜಿನಿಯರ್ ಸಾಹೇಬರು ಕಾದಿದ್ದರು. ಹತ್ತೇ ನಿಮಿಷಕ್ಕೆ ಅವರ ಮೀಟಿಂಗ್ ಹೆಪ್ಪುಗಟ್ಟಿ ನಿಂತಿತ್ತಂತೆ, ಅವರ ಮೇಲಧಿಕಾರಿ ಬಾಯಿ ತೆರೆದಂತೆಯೇ. ಬೆಳಗಿನ ಏಳೂ ಜನ ಸುತ್ತ ಸೇರಿದ್ದರು.

"ತಮ್ಮಾ, ನಿಜ ಹೇಳು" ಎಂದರು ಸಾಹೇಬರು. ದನಿಯಲ್ಲಿ ಕೊಂಕಿರಲಿಲ್ಲ. "ನಾಲ್ಕು ಕಡ್ಡಿಯಲ್ಲಿ ನನ್ನದು ನಿಂತುಹೋಯ್ತು. ಒಂದೇ ಕಡ್ಡಿಯಲ್ಲಿ ಒಂದೂ ಮುಕ್ಕಾಲು ಗಂಟೆ ಹೇಗೆ ಓಡಿಸಿದೆ?"

ಏಳು ಉತ್ತರಗಳೂ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು. ಅತ್ತ ದೊಡ್ಡಮ್ಮ ಬಿಸಿ ಮಣ್ಣಿನ ಮೇಲೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಕುಣಿಯುತ್ತ, ಎರಡೂ ಕೈ ಚಾಚಿ, "ಲೋ ತಂತೀ, ಬಾರೋ!" ಎನ್ನುತ್ತಿದ್ದಳು.

ತಂತಿ ಉಳಿದ ಕೇಬಲ್ಲಿನ ಸುರುಳಿಯನ್ನು ಹೆಗಲಿಗೇರಿಸಿದ. ಸಾಹೇಬರ ಪಕ್ಕದಿಂದ ಹಾದು, ಒಂದೇ ಚಪ್ಪಲಿಯಲ್ಲಿ ಕುಂಟುತ್ತ, ಅವಳತ್ತ ನಡೆದ.